ಬಾಡಿಗೆಗೆ ಯಾರೂ ಇಲ್ಲ

ನಮ್ಮ ಬಸವೇಶ್ವರನಗರದ ರಸ್ತೆಯಲ್ಲಿ ಮನೆ ಕಟ್ಟಿಸಿಕೊಂಡವರಿಗೆಲ್ಲ ಒಂದು ವಾಕ್ಯ ಬಾಯಿಪಾಠ. ಕೈಯಲ್ಲಿ ಫೈಲು ಹಿಡಿದವನು ಯಾವನೇ ಗೇಟಿನ ಹತ್ತಿರ ನಿಂತು ‘ಮೇಲ್ಗಡೆ ಯಾರಿದ್ದಾರೆ’ ಎಂದು ಕೇಳಲಿ, ಉತ್ತರ ತಾನಾಗಿ ಹೊರಗೆ ಬರುತ್ತದೆ: ‘ಬಾಡಿಗೆಗೆ ಯಾರೂ ಇಲ್ಲ ಸಾರ್, ಎಲ್ಲಾ ನಮ್ಮ ಮನೆಯವರೇ.’ ತೆರಿಗೆ ಉಳಿಸಲು ಕಂದಾಯದ ಫಾರಂನಲ್ಲಿ ಸ್ವಂತ ವಾಸ ಎಂದು ಬರೆದುಕೊಟ್ಟಿರುತ್ತೇವಲ್ಲ, ಅದರ ಭಯ. ನಮ್ಮ ಯಜಮಾನರು ಹೋಗುವ ಮುಂಚೆ ನನಗೆ ಕಲಿಸಿಹೋದ ಲೋಕಜ್ಞಾನದಲ್ಲಿ ಇದೂ ಒಂದು. ಎಷ್ಟೋ ಸಲ ಹೇಳಿದ್ದೇನೆ, ಯಾರಿಗೂ ಏನೂ ಆಗಿಲ್ಲ. ಒಂದು ಸಲ ಆಯಿತು. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಬಗ್ಗೆ ಮೊದಲು ಹೇಳಿಬಿಡಬೇಕು. ವಿಜಯನಗರದ ಒಂದು ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ಕೂತವಳು ನಾನು. ಹೊಸ ಕನೆಕ್ಷನ್ನಿಗೆ ಬಂದವರಿಗೆ ತಲೆ ಎತ್ತದೆ ಕೇಳುತ್ತಿದ್ದ ಮೊದಲ ಮಾತು, ‘ಅಡ್ರೆಸ್ ಪ್ರೂಫ್ ಎಲ್ಲಿ?’ ಇಲ್ಲ ಎಂದರೆ ಮುಂದಿನವರನ್ನು ಕರೆಯುತ್ತಿದ್ದೆ. ಬಸುರಿ ಹೆಂಗಸನ್ನೂ ವಾಪಸ್ ಕಳಿಸಿದ್ದೇನೆ. ಬಾಯಿ ಜೋರು ಎಂದು ಏಜೆನ್ಸಿಯಲ್ಲೂ ಹೆಸರು, ರಸ್ತೆಯಲ್ಲೂ ಹೆಸರು. ಅದನ್ನೇನೂ ಅಲ್ಲಗಳೆಯುವುದಿಲ್ಲ.

ಮಹಡಿ ಮೇಲಿನ ಒಂದು ರೂಮು, ಅಡುಗೆಮನೆ ಖಾಲಿಯಾದಾಗ ಬೋರ್ಡು ಹಾಕಿದೆ. ಮೂರನೇ ದಿನ ಸ್ಕೂಟರಿನಲ್ಲಿ ಒಬ್ಬಳು ಬಂದಳು. ಊಟ ತಲುಪಿಸುವವರ ಟೀ ಶರ್ಟು, ಬಿಗಿಯಾಗಿ ಹೆಣೆದ ಜಡೆ, ಎತ್ತರದ ಆಳು. ರೂಮು ನೋಡಿದಳು, ನಲ್ಲಿ ತಿರುಗಿಸಿ ನೋಡಿದಳು, ಆಮೇಲೆ ಮೆಟ್ಟಿಲ ಹತ್ತಿರ ನಿಂತು ಹೇಳಿದಳು: ‘ಮೇಡಂ, ನಾನು ಟ್ರಾನ್ಸ್‌ಜೆಂಡರ್ ಇದ್ದೀನ್ರಿ. ಆಮ್ಯಾಲ ಗೊತ್ತಾಗಿ ಬ್ಯಾಡ ಅನ್ನೋದಕ್ಕಿಂತ ಈಗ ಹೇಳಿಬಿಡ್ರಿ, ನನಗೂ ಸಾಮಾನು ಹೊರೋದು ತಪ್ಪತೈತಿ.’

ಗದಗದ ಕಡೆಯವಳು. ಪಿಯುಸಿ ಮುಗಿಸಿ ಊರು ಬಿಟ್ಟು ಬಂದಿದ್ದಳು. ಮಾರೇನಹಳ್ಳಿಯಿಂದ ನಂದಿನಿ ಲೇಔಟ್‌ವರೆಗೆ ಬೋರ್ಡು ನೋಡಿಕೊಂಡು ಸುತ್ತಿ ಬಂದಿದ್ದಳು. ಫೋನಿನಲ್ಲಿ ಹೂಂ ಎಂದವರೆಲ್ಲ ಮುಖ ನೋಡಿ ಈಗ ತಾನೇ ಕೊಟ್ಟುಬಿಟ್ಟೆವು ಎಂದರಂತೆ. ನಾನು ಯೋಚಿಸಿ ಹೇಳುತ್ತೇನೆ ಎಂದೆ. ಅವಳು ಹೋದ ಐದು ನಿಮಿಷಕ್ಕೆ ಎದುರುಮನೆಯಾಕೆ ಸೀರೆ ಸೆರಗು ಸಿಕ್ಕಿಸಿಕೊಂಡು ಬಂದಳು. ‘ಆಂಟಿ, ಅಂಥವ್ರಿಗೆಲ್ಲ ಕೊಡ್ಬೇಡಿ, ಮಕ್ಕಳು ಮರಿ ಇರೋ ರಸ್ತೆ’ ಎಂದಳು. ನನ್ನ ಮನೆ ಯಾರಿಗೆ ಕೊಡಬೇಕೆಂದು ಇವಳು ಯಾರು ಹೇಳುವವಳು? ಅವಳ ಮುಂದೆಯೇ ಫೋನ್ ಮಾಡಿ ‘ಭಾನುವಾರ ಬಂದುಬಿಡಮ್ಮ’ ಎಂದೆ. ಧರ್ಮಬುದ್ಧಿಯಿಂದ ಕೊಟ್ಟೆ ಎಂದರೆ ಸುಳ್ಳಾಗುತ್ತದೆ. ಹಟಕ್ಕೆ ಕೊಟ್ಟೆ.

ಬಂದಮೇಲೆ ಒಗ್ಗಿಹೋದಳು. ಬೆಳಿಗ್ಗೆ ಮೇಲಿಂದ ರೊಟ್ಟಿ ತಟ್ಟುವ ಸದ್ದು ಕೇಳಿದರೆ ನನಗೂ ಎರಡು ಬರುತ್ತವೆ ಎಂದು ಗೊತ್ತಾಗುತ್ತಿತ್ತು. ನಾನು ಸಾರು ಕಳಿಸಿದರೆ, ‘ಬೆಲ್ಲ ಯಾಕ ಹಾಕ್ತೀರಿ ಇದಕ್ಕ, ಪಾಯಸ ಏನ್ರಿ ಇದು’ ಎಂದು ಆಡಿಕೊಂಡು ಒಂದು ತೊಟ್ಟೂ ಉಳಿಸದೆ ಪಾತ್ರೆ ತೊಳೆದು ಕೊಡುತ್ತಿದ್ದಳು. ಮೇಡಂ ಹೋಗಿ ಅಮ್ಮ ಆಯಿತು. ಎದುರುಮನೆಯಾಕೆಗೆ ಮಾತ್ರ ನಾನು, ನಮ್ಮ ದೂರದ ಸಂಬಂಧ ಕಣೇ ಎಂದು ಹೇಳಿಬಿಟ್ಟಿದ್ದೆ. ಅವಳು ನಂಬಲಿಲ್ಲ, ಆದರೆ ಬಾಯಿ ಮುಚ್ಚಿದಳು.

ಮಧ್ಯಾಹ್ನ ಆರ್ಡರು ಕಡಿಮೆಯಿರುವ ಹೊತ್ತಿನಲ್ಲಿ ಅವಳು ನಮ್ಮ ಜಗಲಿಯಲ್ಲಿ ಕೂತು ಓದುತ್ತಿದ್ದಳು. ನಮ್ಮ ರಾಜ್ಯದಲ್ಲಿ ನೇಮಕಾತಿ ನಿಯಮ ತಿದ್ದಿ, ಸರ್ಕಾರಿ ಕೆಲಸದಲ್ಲಿ ಅವಳಂಥವರಿಗೆ ನೂರಕ್ಕೆ ಒಂದು ಜಾಗ ಇಟ್ಟಿದ್ದಾರೆ ಎಂದು ನನಗೆ ತಿಳಿಸಿದವಳೇ ಅವಳು. ಬರೀ ಒಂದಾ ಎಂದೆ. ‘ಒಂದೇ ಸಾಕ್ರಿ ಅಮ್ಮ, ಮೊದಲು ಅರ್ಜಿಯೊಳಗ ನಮಗ ಟಿಕ್ ಮಾಡಾಕ ಒಂದು ಡಬ್ಬಿನೂ ಇರಲಿಲ್ಲ’ ಎಂದಳು. ಗುಮಾಸ್ತೆ ಹುದ್ದೆಗೆ ಪರೀಕ್ಷೆ ಬರೆದಳು. ಪಾಸಾದಳು. ಅವತ್ತು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು, ನಾನೂ ಅತ್ತೆ.

ಉಳಿದದ್ದು ದಾಖಲೆ ಪರಿಶೀಲನೆ. ಆ ದಿನ ಅವಳು ಜಿಲ್ಲಾಧಿಕಾರಿಗಳು ಕೊಡುವ ಗುರುತಿನ ಪ್ರಮಾಣಪತ್ರ ತೋರಿಸಬೇಕು, ತೋರಿಸದಿದ್ದರೆ ಆ ಒಂದು ಜಾಗದ ಮಾತು ಅಲ್ಲಿಗೇ ಮುಗಿಯಿತು. ಪ್ರಮಾಣಪತ್ರಕ್ಕೆ ಇದೇ ಜಿಲ್ಲೆಯಲ್ಲಿ ವರ್ಷದಿಂದ ವಾಸವಿರುವ ಗುರುತು ಬೇಕು. ಆಧಾರ್ ಇನ್ನೂ ಊರಿನದೇ. ‘ಅಮ್ಮ, ಒಂದು ರೆಂಟಲ್ ಅಗ್ರಿಮೆಂಟ್ ಮಾಡಿಕೊಡ್ರಿ’ ಎಂದು ಕೇಳಿದಳು. ‘ನಾನಿದ್ದೀನಲ್ಲ, ಕಾಗದ ಯಾಕೆ? ಯಾರಾದ್ರೂ ಕೇಳಿದ್ರೆ ನಾನೇ ಹೇಳ್ತೀನಿ’ ಎಂದೆ. ಆಮೇಲೆ ಎರಡು ಸಲ ಕೇಳಿದಳು. ಒಂದು ಸಲ ಆಷಾಢ ಎಂದೆ, ಇನ್ನೊಂದು ಸಲ ಮಂಡಿನೋವು ಎಂದೆ.

ಯಾಕೆ ಕೊಡಲಿಲ್ಲ? ಕಂದಾಯದ ಭಯ ಒಂದು ನೆವ. ನಿಜ ಹೇಳಬೇಕೆಂದರೆ, ಕಾಗದವಿಲ್ಲದಿದ್ದರೆ ನಾಳೆ ಏನಾದರೂ ರಂಪವಾದಾಗ ಖಾಲಿ ಮಾಡಮ್ಮ ಎನ್ನುವುದು ಸುಲಭ. ಸಾರು ಕಳಿಸುವ ಕೈಯೇ ಆ ಬಾಗಿಲನ್ನೂ ತೆರೆದಿಟ್ಟುಕೊಂಡಿತ್ತು. ಇದು ನನಗೆ ಆಗಲೇ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದೆ.

ಕೊನೆಗೆ ಅವಳು ಬಾಡಿಗೆ ಪತ್ರವಿಲ್ಲದೆ, ಬರೀ ಅಫಿಡವಿಟ್ಟಿನಲ್ಲಿ ನಮ್ಮ ವಿಳಾಸ ಬರೆದು ಅರ್ಜಿ ಹಾಕಿದಳು. ಯಾರಾದರೂ ವಿಚಾರಿಸಲು ಬರಬಹುದು ಎಂದು ನನಗೂ ಹೇಳಿದಳು. ‘ಬರಲಿ ಬಿಡು’ ಎಂದೆ.

ಅವನು ಬಂದದ್ದು ನಾನು ಸಂಡಿಗೆ ಹಾಕುತ್ತಿದ್ದ ದಿನ. ಕೈಯೆಲ್ಲ ಹಿಟ್ಟು, ಕಾಗೆಗಳ ಕಾಟ, ಮೇಲೆ ಹೊತ್ತು ಏರುತ್ತಿದೆ. ಗೇಟಿನ ಹತ್ತಿರ ಫೈಲು ಹಿಡಿದ ಒಬ್ಬ. ‘ಮೇಡಂ, ಮೇಲ್ಗಡೆ ಬಾಡಿಗೆಗೆ ಯಾರಾದ್ರೂ ಇದ್ದಾರಾ?’

‘ಬಾಡಿಗೆಗೆ ಯಾರೂ ಇಲ್ಲ ಸಾರ್, ಎಲ್ಲಾ ನಮ್ಮ ಮನೆಯವರೇ.’

ಅವನಿಗೆ ಅವಳ ಹೆಸರು ಓದಲೂ ನಾನು ಬಿಡಲಿಲ್ಲ. ಹೆಸರು ಹೇಳಲು ಬಾಯಿ ತೆರೆದವನಿಗೆ ‘ಆ ಹೆಸರು ಈ ಹೆಸರು ಯಾರೂ ಇಲ್ಲ, ಬಿಸಿಲಲ್ಲಿ ಯಾಕೆ ನಿಂತಿದೀರ, ನೀರು ಕುಡೀರಿ’ ಎಂದು ಲೋಟ ಕೊಟ್ಟೆ. ಕುಡಿದ, ಏನೋ ಬರೆದುಕೊಂಡ, ಹೋದ. ಕಂದಾಯದವನನ್ನು ಎಷ್ಟು ಚೆನ್ನಾಗಿ ಸಾಗಹಾಕಿದೆ ಎಂದು ಒಳಗೊಳಗೇ ಬೀಗಿದೆ.

ಎರಡು ದಿನದ ಮೇಲೆ ಸಂಜೆ ಅವಳು ಹೆಲ್ಮೆಟ್ಟೂ ತೆಗೆಯದೆ ಒಳಗೆ ಬಂದು ಫೋನು ತೋರಿಸಿದಳು. ಅರ್ಜಿದಾರರು ಸದರಿ ವಿಳಾಸದಲ್ಲಿ ವಾಸವಿಲ್ಲ, ಮಾಲೀಕರ ಹೇಳಿಕೆಯಂತೆ ಅರ್ಜಿ ತಿರಸ್ಕೃತ. ಮಾಲೀಕರ ಹೇಳಿಕೆ ಎಂಬಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ‘ಅಮ್ಮ, ಯಾರಾದ್ರೂ ಬಂದಿದ್ರೇನ್ರಿ?’ ಎಂದು ಕೇಳಿದಳು. ‘ಬಂದಿದ್ದ. ಇಲ್ಲ ಅಂದೆ’ ಎಂದೆ. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದೆನೋ ಏನೋ. ಮೆಲ್ಲಗೆ ಮೆಟ್ಟಿಲು ಹತ್ತಿ ಹೋದಳು, ಆ ಸಂಜೆ ಮೇಲೆ ಸ್ಟವ್ ಹಚ್ಚಿದ ಸದ್ದೇ ಕೇಳಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅಂತಾರಲ್ಲ, ಆ ಪೂಜಾರಿ ನಾನೇ. ಸರ್ಕಾರ ಕೊಟ್ಟಿತ್ತು, ಪರೀಕ್ಷೆ ಅವಳೇ ಗೆದ್ದಿದ್ದಳು, ನಡುವೆ ಹಿಟ್ಟಿನ ಕೈಯಲ್ಲಿ ನಾನು ನಿಂತಿದ್ದೆ.

ಬೆಳಗಾಗುತ್ತಲೇ ಮಾರೇನಹಳ್ಳಿಯ ಟೈಪಿಂಗ್ ಅಂಗಡಿಗೆ ಅವಳ ಸ್ಕೂಟರಿನ ಹಿಂದೆ ಕೂತು ಹೋದೆ. ಮಂಡಿನೋವು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಗ್ರಿಮೆಂಟಿಗೆ ಒಂದು ಸಾಕ್ಷಿ ಸಹಿ ಟೈಪಿಸ್ಟ್ ಹಾಕಿದ, ಇನ್ನೊಂದಕ್ಕೆ ಎದುರುಮನೆಯಾಕೆಯ ಬಾಗಿಲು ಬಡಿದೆ. ‘ಸಂಬಂಧ ಅಂದಿದ್ರಿ?’ ಎಂದಳು. ‘ಸುಳ್ಳು ಹೇಳಿದ್ದೆ. ಬಾಡಿಗೆಯವಳು. ಹಾಕ್ತೀಯೋ ಇಲ್ವೋ?’ ಎಂದೆ. ನನ್ನ ಮುಖ ನೋಡಿ, ಗೊಣಗುತ್ತಲೇ ಹಾಕಿಕೊಟ್ಟಳು.

ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೌಂಟರಿನ ಈಚೆ ನಿಂತಾಗ ನನ್ನ ಹಳೆಯ ಏಜೆನ್ಸಿ ನೆನಪಾಯಿತು. ಅಲ್ಲಿದ್ದವರು ಕೆಟ್ಟವರಲ್ಲ. ನಾನು ಸುಳ್ಳು ಹೇಳಿದ್ದೆ ಎಂದು ಕೈಬರಹದಲ್ಲಿ ಬರೆದುಕೊಟ್ಟದ್ದನ್ನು ತಾಳ್ಮೆಯಿಂದ ಓದಿದರು. ಆದರೆ ಮತ್ತೆ ಹೊಸ ಅರ್ಜಿ, ಮತ್ತೆ ಪರಿಶೀಲನೆ. ಸೋಮವಾರದೊಳಗೆ ಆಗುವುದಿಲ್ಲ ಎಂದರು. ದಾಖಲೆ ತೋರಿಸಬೇಕಾಗಿದ್ದದ್ದು ಸೋಮವಾರವೇ. ಕೈ ಮುಗಿದೆ, ಜಗಳವನ್ನೂ ಆಡಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪ್ರಮಾಣಪತ್ರ ಬರುವ ಹೊತ್ತಿಗೆ ಆ ಜಾಗ ಅವಳ ಕೈ ತಪ್ಪಿತ್ತು.

ಅವತ್ತು ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂತು, ‘ನಿನ್ನನ್ನ ಮಗಳ ಥರ ನೋಡ್ಕೊಂಡೆ ಕಣೇ, ಹೀಗಾಗತ್ತೆ ಅಂದ್ಕೊಂಡಿರಲಿಲ್ಲ’ ಎಂದು ಅಳುತ್ತಿದ್ದೆ. ಸಮಾಧಾನ ಮಾಡಬೇಕಾದವಳು ನಾನು, ನೀರಿನ ಬಾಟಲಿ ತೆಗೆದುಕೊಟ್ಟವಳು ಅವಳು.

‘ಗೊತ್ತೈತ್ರಿ ಅಮ್ಮ’ ಎಂದಳು. ‘ನಮ್ಮವ್ವನೂ ನನ್ನ ಮ್ಯಾಲ ಭಾಳ ಜೀವ ಇಟ್ಟಿದ್ಲು. ರೇಷನ್ ಕಾರ್ಡಿನಾಗಿಂದ ಹೆಸರು ತೆಗಿಸಿದ್ದೂ ಆಕೀನ. ಅಳಕೋತನ ತೆಗಿಸಿದ್ಲು. ಜೀವ ಇಟ್ಟವರು ನನಗ ಕಡಿಮಿ ಇಲ್ರಿ. ಬಾಡಿಗಿಯಾಕಿ ಅಂತ ಬರ್ಕೊಡವ್ರು ಬೇಕಾಗಿದ್ರು, ಅಷ್ಟ.’

ಬಾಟಲಿಯ ಮುಚ್ಚಳ ತಿರುಗಿಸಿ ಅವಳ ಕೈಗೆ ವಾಪಸ್ ಕೊಟ್ಟೆ.

ಅವಳು ಮನೆ ಬಿಡಲಿಲ್ಲ. ಈ ವರ್ಷ ಇನ್ನೊಂದು ಹುದ್ದೆಗೆ ಪರೀಕ್ಷೆ ಬರೆದಿದ್ದಾಳೆ, ಫಲಿತಾಂಶ ಬಂದಿಲ್ಲ. ಹನ್ನೊಂದು ತಿಂಗಳು ತುಂಬುವ ಮೊದಲೇ ನಾನೇ ಅಗ್ರಿಮೆಂಟ್ ಹೊಸದು ಮಾಡಿಸಿದೆ, ಕಂದಾಯದ ಫಾರಂ ಸರಿಮಾಡಿಸಿದೆ. ಅವಳ ಕಾಗದಗಳ ಒಂದು ನಕಲು ನಮ್ಮ ದೇವರ ಮನೆಯ ಗೂಡಿನಲ್ಲಿದೆ.

ಹೋದ ವಾರ ಗೇಟಿನ ಹತ್ತಿರ ಒಬ್ಬ ಫೈಲು ಹಿಡಿದು ನಿಂತಿದ್ದ. ಅವನು ಬಾಯಿ ತೆರೆಯುವ ಮುಂಚೆಯೇ ಹೇಳಿದೆ: ‘ಮೇಲ್ಗಡೆ ಬಾಡಿಗೆಗೆ ಒಬ್ಬರಿದ್ದಾರೆ. ಎರಡು ವರ್ಷದಿಂದ ಇದ್ದಾರೆ. ಕೂತ್ಕೊಳ್ಳಿ, ಕಾಗದ ತರ್ತೀನಿ.’

‘ಅದೆಲ್ಲ ಬೇಡ ಆಂಟಿ, ನಾನು ನೀರಿನ ಮೀಟರ್ ನೋಡೋಕೆ ಬಂದಿರೋದು.’

‘ಪರವಾಗಿಲ್ಲ, ನೋಡ್ಕೊಂಡೇ ಹೋಗಿ’ ಎಂದು ಒಳಗೆ ಹೋಗಿ ಕಾಗದ ತಂದೆ.