ಕನ್ನಪ್ಪ ಕೂಡಿಸಿದ ಕ್ಲಚ್ ಪ್ಲೇಟು

ಹೊಸನಗರದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಸ್ಸಿನಡಿ ಗೋಣಿ ಹಾಸಿಕೊಂಡು ಮಲಗಿರುವ ಮೆಕ್ಯಾನಿಕ್ ಕನ್ನಪ್ಪನ ಕಾಲೆರಡು ಮಾತ್ರ ಹೊರಗೆ ಕಾಣುತ್ತವೆ. "ಹೂವಪ್ಪ, ಕ್ಲಚ್ ಒತ್ತು. ಬಿಡು. ಇನ್ನೊಂದ್ಸಲ ಒತ್ತು ಮಾರಾಯ" ಎಂದು ಅಲ್ಲಿಂದಲೇ ಕೂಗುತ್ತಾನೆ. ಡ್ರೈವರ್ ಹೂವಪ್ಪ ಒತ್ತುತ್ತಿರುವುದು ಇದು ಹದಿನೇಳನೆಯ ಸಲ. ಆರೂವರೆಗೆ ಸಾಗರಕ್ಕೆ ಹೊರಡದಿದ್ದರೆ ಬಸ್ಸನ್ನು ಗುಜರಿಗೆ ಹಾಕುವುದೇ ಸೈ ಎಂದು ಮಾಲೀಕ ಮಂಜುನಾಥಪ್ಪ ಹೇಳಿಬಿಟ್ಟಿದ್ದಾರೆ.

ಬಸ್ಸಿನ ಹಣೆಯ ಮೇಲೆ ಮಾಲೀಕರ ಹೆಸರಿದೆ, ಒಳಗೆ ದೇವರ ಪಟವಿದೆ. ಎಂಟು ವರ್ಷದಿಂದ ರಿಪೇರಿ ಮಾಡಿ ಮಾಡಿ ಅದು ಓಡುವ ಹಾಗೆ ಇಟ್ಟ ಕನ್ನಪ್ಪನ ಹೆಸರು ಎಲ್ಲೂ ಇಲ್ಲ. ಪೆಟ್ರೋಲ್ ಕುಡಿದು ಕುಡಿದು ಸೋತ ಈ ಮುದಿ ಬಸ್ಸಿಗೆ ಈಗ ಕಾರ್ಗಲ್ಲಿನ ಹರಾಜಿನಲ್ಲಿ ಸಿಕ್ಕ ಲಾರಿಯ ಡೀಸೆಲ್ ಎಂಜಿನ್ ಬಂದಿದೆ. ಗೇರ್‌ಬಾಕ್ಸ್ ಮಾತ್ರ ಹಳೆಯದೇ. ಎರಡರ ನಡುವೆ ಕೂರುವ ಕ್ಲಚ್ ಪ್ಲೇಟಿನ ಅಗಲ ಎಂಜಿನ್ನಿಗೆ ಹೊಂದಬೇಕು, ನಡುತೂತಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟಿಗೆ ಹೊಂದಬೇಕು. "ಮನೆಗೆ ಸೊಸೆ ತಂದ ಹಾಗೆ. ಗಂಡನಿಗೊಬ್ಬನಿಗೆ ಒಗ್ಗಿದ್ರೆ ಸಾಲ್ದು, ಅತ್ತೆಗೂ ಒಗ್ಗಬೇಕು" ಎಂದು ಕನ್ನಪ್ಪ ನಗುತ್ತಾನೆ.

ಹನ್ನೆರಡು ದಿನದ ಹಿಂದೆ ಆ ನಗು ಇರಲಿಲ್ಲ. ದೊಡ್ಡ ರಿಪೇರಿಯಾದ ಬಸ್ಸಿಗೆ ಮೊದಲು ಮೆಕ್ಯಾನಿಕ್ಕಿನ ಹೆಂಡತಿ ಹತ್ತಬೇಕು, ಆಮೇಲೆಯೇ ಉಳಿದವರು. ಇದು ಇಲ್ಲಿನ ಪ್ರಯಾಣಿಕರೇ ಮಾಡಿಕೊಂಡ ಕಟ್ಟಳೆ. ಹೊಸ ಎಂಜಿನ್ ಕೂರಿಸಿದ ಅಂದು ಕನ್ನಪ್ಪನ ಹೆಂಡತಿ ಗುತ್ಯಮ್ಮ ಧೈರ್ಯವಾಗಿ ಹತ್ತಿ ಕೂತಳು. ಊರು ದಾಟುವ ಮೊದಲೇ, ಎಷ್ಟು ಒತ್ತಿದರೂ ಕ್ಲಚ್ ಎಂಜಿನ್ನಿನ ಹಿಡಿತ ಬಿಡಲಿಲ್ಲ. ಹೂವಪ್ಪ ಬ್ರೇಕ್ ಒತ್ತುವಷ್ಟರಲ್ಲಿ ಬಸ್ಸು ಬೇಲಿಗೆ ನುಗ್ಗಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

"ತಪ್ಪು ನಂದೇ. ಲಾರಿಯ ಪ್ಲೇಟಿಗೂ ನಮ್ಮ ಶಾಫ್ಟಿಗೂ ಹತ್ತತ್ತು ಹಲ್ಲು ಅಂತ ಎಣಿಸಿದೆ. ಹಲ್ಲಿನ ದಪ್ಪ ಅಳೀಲಿಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸಿದೆ. ಪ್ಲೇಟು ಶಾಫ್ಟಿಗೆ ಕಚ್ಚಿಕೊಂಡು ಜಾರದೇ ನಿಂತಿತು" ಎಂದು ಕನ್ನಪ್ಪ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ.

ಈ ಸಲ ಸುತ್ತಿಗೆಯ ಮಾತಿಲ್ಲ. ಬಸ್ಸಿನ ಹಳೆಯ ಪ್ಲೇಟಿನ ರಿವೆಟ್ ಕಿತ್ತು ಅದರ ನಡುಭಾಗ ತೆಗೆದಿದ್ದಾನೆ. ಅದನ್ನು ಲಾರಿಯ ಅಗಲ ಪ್ಲೇಟಿಗೆ ಕೂಡಿಸಿ, ಹೊಸ ರಿವೆಟ್ ಬಡಿದು, ಕೂದಲೆಳೆಯಷ್ಟೂ ಓಲಾಡದ ಹಾಗೆ ನಾಲ್ಕು ದಿನ ತಿದ್ದಿದ್ದಾನೆ. ಶಾಫ್ಟಿನ ಮೇಲೆ ಅದೀಗ ಬೆರಳಲ್ಲಿ ತಳ್ಳಿದರೆ ಜಾರುತ್ತದೆ.

ಆರೂವರೆಗೆ ಮೂವತ್ತು ಜನ ನಿಂತಿದ್ದಾರೆ. ಒಬ್ಬರೂ ಹತ್ತುವುದಿಲ್ಲ. ಎಲ್ಲರ ಕಣ್ಣೂ ಗುತ್ಯಮ್ಮನ ಮೇಲೆ.

"ಇವತ್ತೂ ಬೇಲಿಗೇ ಕರ್ಕೊಂಡು ಹೋಗ್ತೀರಾ?" ಎಂದು ಅವಳು ಗಂಡನನ್ನು ಕೇಳುತ್ತಾಳೆ.

"ನಿಂಗೆ ಹೆದರಿಕೆ ಇದ್ರೆ ಬ್ಯಾಡ. ಬಲವಂತ ಇಲ್ಲ" ಎಂದು ಕನ್ನಪ್ಪ ಕೈಯ ಗ್ರೀಸನ್ನು ಗೋಣಿಗೆ ಒರೆಸುತ್ತಾನೆ.

ಗುತ್ಯಮ್ಮ ಅವನ ಮುಖವನ್ನು ಒಂದು ಗಳಿಗೆ ನೋಡುತ್ತಾಳೆ. "ಹೆದರಿಕೆ ಉಂಟು. ಆದ್ರೂ ಬರ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಹತ್ತುತ್ತಾಳೆ. ಹಿಂದೆಯೇ ಮೂವತ್ತೂ ಜನ ಹತ್ತುತ್ತಾರೆ.

ಮೊದಲ ಏರಿನಲ್ಲಿ ಹೂವಪ್ಪ ಗೇರು ಬದಲಿಸುವಾಗ, ಅವನ ಸೀಟಿನ ಹಿಂದೆ ನಿಂತ ಕನ್ನಪ್ಪ ಬಗ್ಗಿ ಕಿವಿಗೊಡುತ್ತಾನೆ. ಗೇರು ಸದ್ದಿಲ್ಲದೆ ಬೀಳುತ್ತದೆ. ಎರಡನೆಯ ಏರಿನಲ್ಲೂ ಅಷ್ಟೇ. "ಬೆಣ್ಣೆ ಕಣೋ ಕನ್ನಪ್ಪ, ಬೆಣ್ಣೆ!" ಎಂದು ಹೂವಪ್ಪ ಕೂಗುತ್ತಾನೆ. ಅಬ್ಬ, ಹನ್ನೆರಡು ದಿನದ ಭಾರ ಕನ್ನಪ್ಪನ ಎದೆಯಿಂದ ಇಳಿಯುತ್ತದೆ.

ಸಾಗರ ಬಂದಾಗ ಎಲ್ಲರೂ ಇಳಿಯುತ್ತಾರೆ, ಗುತ್ಯಮ್ಮ ಇಳಿಯುವುದಿಲ್ಲ. ಕಿಟಕಿಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದಾಳೆ. ಎಬ್ಬಿಸಲು ಬಂದ ಹೂವಪ್ಪನನ್ನು ಕನ್ನಪ್ಪ ತಡೆಯುತ್ತಾನೆ.

"ಮಲಗ್ಲಿ ಬಿಡು. ನನ್ನ ಬಸ್ಸಲ್ಲಿ ಅವಳಿಗೆ ನಿದ್ದೆ ಬಂತಲ್ಲ, ನಂಗೆ ಇನ್ನೆಂತ ಬೇಕು?"