ಸಾರಿನಿಂದ ತೆಗೆದ ಆಲೂಗಡ್ಡೆ

ಹೊರಗಿನವರಿಗೆ ಊಟ ಹಾಕುವ ಕೆಲಸ ಶುರು ಮಾಡಿದಾಗ ನನ್ನ ಗಂಡ ಒಂದೇ ಮಾತು ಹೇಳಿದ್ದರು: "ನಿನ್ ಬಾಯಿಗೆ ಒಬ್ಬ ಗಿರಾಕೀನೂ ನಿಲ್ಲಾಕಿಲ್ಲ ಕಣೆ." ಗಿರಾಕಿಗಳು ನಿಂತರು. ಹಾಸನದಿಂದ ಚನ್ನರಾಯಪಟ್ಟಣಕ್ಕೆ ಹೋಗುವ ಹೆದ್ದಾರಿಯಿಂದ ಒಂದಿಷ್ಟು ಒಳಗೆ ನಮ್ಮ ಮನೆ. ಹಜಾರದಲ್ಲಿ ನಾಲ್ಕು ಮೇಜು ಹಾಕಿದ್ದೇವೆ. ದೇವಸ್ಥಾನಗಳನ್ನು ನೋಡಿಕೊಂಡು ಶ್ರವಣಬೆಳಗೊಳದ ಕಡೆ ಹೋಗುವವರು ಮೊದಲೇ ಫೋನು ಮಾಡಿದರೆ ಮುದ್ದೆ, ಸೊಪ್ಪಿನ ಸಾರು, ಚಳಿಗಾಲವಾದರೆ ಹಿತಕಿದ ಅವರೆಬೇಳೆ ಸಾರು. ಮುದ್ದೆಯನ್ನು ಅಗಿಯುತ್ತ ಕೂತ ಬೆಂಗಳೂರಿನವರನ್ನು "ಅದೇನ್ ಬಬಲ್ ಗಮ್ಮಾ? ನುಂಗಿ ಸಾ!" ಎಂದು ಗದರಿಸಿದ್ದೇನೆ. ಅವರು ನಕ್ಕು ಇನ್ನೊಂದು ಮುದ್ದೆ ಹಾಕಿಸಿಕೊಂಡಿದ್ದಾರೆ.

ಅಡುಗೆಮನೆಯಲ್ಲಿ ನಾನು ಮತ್ತು ನನ್ನ ಅತ್ತೆ. ನಾನು ಅರಕಲಗೂಡು ಕಡೆಯವಳು, ಅವರು ಹೊಳೆನರಸೀಪುರದ ಕಡೆಯವರು. ಸಾರಿಗೆ ಕಾಯಿ ಎಷ್ಟು ಹಾಕಬೇಕು ಎಂಬ ಒಂದೇ ವಿಷಯಕ್ಕೆ ಇಪ್ಪತ್ತೆಂಟು ವರ್ಷ ಜಗಳವಾಡಿದ್ದೇವೆ. ಅವರಿಗೆ ಈಗ ಎಂಬತ್ತರ ಹತ್ತಿರ. ಮಂಡಿ ನೋವು, ಆದರೆ ಒಲೆ ಮುಂದಿನ ಜಾಗ ಬಿಟ್ಟುಕೊಡುವ ಪೈಕಿಯಲ್ಲ.

ಆವತ್ತು ನಾಲ್ಕೂವರೆಗೆ ಫೋನು ಬಂತು. ಬೆಳಗಾವಿ ಕಡೆಯ ಗಂಡಸಿನ ದನಿ. ದೊಡ್ಡಗದ್ದವಳ್ಳಿಯ ಹತ್ತಿರ ಇದ್ದೇವೆ, ಮೂರು ಜನ, ತಾನು, ಹೆಂಡತಿ, ತಾಯಿ ಅಂದರು. ಆಮೇಲೆ ಉಸಿರು ಎಳೆದುಕೊಂಡು ಹೇಳಿದರು: "ನಾವು ಜೈನರು ರೀ. ನೆಲದೊಳಗ ಬೆಳೆಯೂದು ಏನೂ ಹಾಕಬ್ಯಾಡ್ರಿ. ಉಳ್ಳಾಗಡ್ಡಿ ಬ್ಯಾಡ, ಬಳ್ಳೊಳ್ಳಿ ಬ್ಯಾಡ, ಬಟಾಟಿ ಬ್ಯಾಡ. ನಮ್ಮವ್ವಂದು ನಿನ್ನಿ ಉಪವಾಸ ಇತ್ತು. ಇವತ್ತ ಮಧ್ಯಾಹ್ನ ಗಾಡಿ ಪಂಕ್ಚರ್ ಆಗಿ ಊಟ ತಪ್ಪೇತಿ. ಹೊತ್ತು ಮುಳುಗೂದರೊಳಗ ಉಣಬೇಕು. ಮುಳುಗಿತಂದ್ರ ನಾಳಿ ಸೂರ್ಯಾ ಹುಟ್ಟೂತನಾ ನೀರೂ ಮುಟ್ಟಂಗಿಲ್ಲ. ಮುಂಜಾನೆ ಗುಡಿ ಮೆಟ್ಟಲ ಮ್ಯಾಲೆ ತಲಿ ತಿರುಗಿ ಕೂತಾಳ್ರಿ."

"ಬನ್ನಿ, ಮಾಡಿರ್ತೀನಿ" ಅಂದುಬಿಟ್ಟೆ. ಫೋನು ಇಟ್ಟ ಮೇಲೆ ಭಯ ಹತ್ತಿತು. ನಮ್ಮದು ಆಲೂಗಡ್ಡೆ ಬೆಳೆದು ಬದುಕಿದ ಮನೆ. ಮೂಲೆಯಲ್ಲಿ ಯಾವಾಗಲೂ ಗಡ್ಡೆ ಬಿದ್ದಿರುತ್ತದೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಾರು ನಾನು ಮಾಡಿದ್ದು ನೆನಪಿಲ್ಲ.

ಅವರೆಬೇಳೆ ಹಿತಕಿಟ್ಟದ್ದು ಇತ್ತು. ಟೊಮೇಟೊ, ಕಾಯಿ, ಧನಿಯ, ಒಣಮೆಣಸಿನಕಾಯಿ ಹುರಿದು ರುಬ್ಬಿ ಸಾರಿಗೆ ಇಟ್ಟೆ. ಅನ್ನ ಪಕ್ಕದ ಒಲೆಗೆ. ಅತ್ತೆಗೆ ಮೂರು ಸಲ ಹೇಳಿದೆ, "ಅತ್ತೆ, ಈರುಳ್ಳಿ ಇಲ್ಲ, ಬೆಳ್ಳುಳ್ಳಿ ಇಲ್ಲ, ಗಡ್ಡೆ ಗೆಣಸು ಏನೂ ಇಲ್ಲ, ತಿಳೀತಾ?" ಅವರು ಸಿಡುಕಿದರು, "ನಂಗೇನ್ ಕಿವುಡಾ? ಅಷ್ಟೊಂದ್ ಯಾಕ್ ಬಡ್ಕಂತೀಯ?" ನಾನು ಹಜಾರಕ್ಕೆ ಹೋಗಿ ಮೇಜು ಒರೆಸಿ, ತೋಟದಿಂದ ಎಲೆ ಕೊಯ್ದು ತರುವುದರಲ್ಲಿ ಐದೂಕಾಲು. ಗಡಿಯಾರ ನೋಡುತ್ತಿದ್ದೆ, ಪಡುವಣದ ತೆಂಗಿನ ಸಾಲು ನೋಡುತ್ತಿದ್ದೆ. ಚಳಿಗಾಲದ ಹೊತ್ತು, ನೋಡನೋಡುತ್ತ ಜಾರಿ ಹೋಗುತ್ತದೆ.

ಐದೂ ಮುಕ್ಕಾಲಿಗೆ ಕಾರು ಬಂತು. ಮಗ ಇಳಿದು ಬಾಗಿಲು ತೆಗೆದರು, ಸೊಸೆ ಕೈ ಹಿಡಿದು ಇಳಿಸಿದಳು. ಬಿಳಿ ಸೀರೆಯ ಸಣ್ಣ ಮುದುಕಿ. ತುಟಿ ಒಣಗಿ ಬಿಳಿಚಿಕೊಂಡಿತ್ತು. ಹೊಸ್ತಿಲು ದಾಟುವಾಗ ಗೋಡೆ ಹಿಡಿದು ನಿಂತರು. ಕೈ ತೊಳೆದು, ಮೇಜು ಬೇಡವೆಂದು ನೆಲದ ಮೇಲೇ ಕೂತರು. ಮಗ, ಸೊಸೆ ಪಕ್ಕದಲ್ಲಿ ಕೂತರು. ಅವ್ವ ಉಣ್ಣುವ ತನಕ ನಾವು ಮುಟ್ಟುವುದಿಲ್ಲ ಅಂದರು.

ಎಲೆ ಹಾಕಿ ಅನ್ನ ಬಡಿಸಿದೆ, ಸಾರು ಬಿಟ್ಟೆ. ಮುದುಕಿ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತ ಕೂತರು. ತುಪ್ಪ ತರಲು ಒಳಗೆ ಹೋದೆ. ಸಿಂಕಿನ ಪಕ್ಕ ಒಂದು ಬಟ್ಟಲು. ಬಟ್ಟಲಲ್ಲಿ ಸಿಪ್ಪೆ ತೆಗೆದ, ಬೆಂದ ಒಂದು ಇಡೀ ಆಲೂಗಡ್ಡೆ. ಅದರ ಮೈಗೆ ಸಾರಿನ ಬಣ್ಣ.

"ಅತ್ತೆ, ಏನಿದು?"

"ನೀನೂ ಉಪ್ಪಾಕಿದ್ದೆ, ನಾನೂ ಆಕ್ಬುಟ್ಟಿದ್ದೆ. ಬಾಯಿಗಿಕ್ಕಂಗಿರ್ನಿಲ್ಲ. ಅದ್ಕೇ ಒಂದ್ ಗಡ್ಡೆ ಆಕ್ದೆ, ಉಪ್ಪ ಈರ್ಕಂತು."

"ಗಡ್ಡೆ ಹಾಕಬೇಡಿ ಅಂತ ಬಡ್ಕೊಂಡಿದ್ದೆನಲ್ಲ!"

"ಆಕ್ದೆ, ತಗದೂ ತಗದೆ. ಈಗ ಸಾರಲ್ಲಿ ಎಲ್ಲೈತೆ ಗಡ್ಡೆ?"

ಅವರು ನಿಜವಾಗಿಯೂ ಹಾಗೆಯೇ ತಿಳಿದಿದ್ದರು. ನಮ್ಮ ಕಡೆ ಸಾರಿಗೆ ಉಪ್ಪು ಜಾಸ್ತಿಯಾದರೆ ಯಾರೂ ಯೋಚನೆ ಮಾಡುವುದಿಲ್ಲ, ಕೈ ತಾನಾಗಿ ಗಡ್ಡೆಯ ಕಡೆ ಹೋಗುತ್ತದೆ. ಆ ಗಡ್ಡೆಯನ್ನು ನಾವು ಅಡುಗೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಯ್ಯೋ ಶಿವನೇ, ಇವರಿಗೆ ಹೇಗೆ ಬಿಡಿಸಿ ಹೇಳಲಿ? ಅಷ್ಟರಲ್ಲಿ ನನ್ನದೇ ಇನ್ನೊಂದು ತಪ್ಪು ನೆನಪಾಯಿತು. ಎಲೆ ತಂದಿಟ್ಟ ಮೇಲೆ ಸಾರು ಕಲಕಿದ ಸೌಟಿನಲ್ಲೇ ನಾನು ಅನ್ನವನ್ನೂ ಕೆದಕಿದ್ದೆ. ಅಂದರೆ ಬರೀ ಅನ್ನ ಕೊಡೋಣ ಅಂದರೂ ಆಗದು.

ಹೊತ್ತು ಮುಳುಗಲು ಹತ್ತು ನಿಮಿಷ ಇತ್ತೋ ಇಲ್ಲವೋ. ಹೇಳಿದರೆ ಆ ಮುದುಕಿಗೆ ಎರಡನೆಯ ದಿನವೂ ಉಪವಾಸ. ಹೇಳದಿದ್ದರೆ ಹೊಟ್ಟೆ ತುಂಬ ಉಂಡು ಹೋಗುತ್ತಾರೆ, ಜೀವ ಉಳಿಯುತ್ತದೆ. ಗೊತ್ತಿರುವುದು ನಮ್ಮಿಬ್ಬರಿಗೆ. ನಾನು ತುಪ್ಪದ ಗಿಂಡಿ ಕೈಗೆ ತೆಗೆದುಕೊಂಡೆ. ಅತ್ತೆಯ ಕಿವಿಯ ಹತ್ತಿರ ಬಾಗಿ, "ಬಾಯಿ ಮುಚ್ಕೊಂಡಿರಿ. ಒಂದು ಮಾತೂ ಆಡಬೇಡಿ. ಆ ಯಮ್ಮಂಗೆ ಪ್ರಾಣ ಹೋಗ್ತಿದೆ" ಅಂದೆ. ಇವತ್ತಿಗೂ ಆ ನನ್ನ ದನಿ ನನಗೆ ಕೇಳುತ್ತದೆ.

ಅತ್ತೆ ನನ್ನ ಮುಖ ನೋಡಿದರು. ನನ್ನ ಗಾಬರಿ ನೋಡಿದ ಮೇಲೇ ಅವರಿಗೆ ಅರ್ಥವಾದದ್ದು ಅಂತ ಕಾಣುತ್ತದೆ. ಮಂಡಿ ಹಿಡಿದುಕೊಂಡು ಎದ್ದರು. ನಾನು ಸೆರಗು ಹಿಡಿದು ಎಳೆದೆ, ಕೊಸರಿಕೊಂಡು ಹಜಾರಕ್ಕೆ ಹೋಗಿಯೇಬಿಟ್ಟರು. ಮುದುಕಿ ಆಗಷ್ಟೇ ಕಣ್ಣು ಬಿಟ್ಟು ಅನ್ನಕ್ಕೆ ಕೈ ಹಾಕಿದ್ದರು.

"ಉಣ್ಬ್ಯಾಡ ಕಣಕ್ಕ! ತಡಿ! ನಾನು ಸಾರಿಗೆ ಆಲುಗಡ್ಡೆ ಆಕ್ಬುಟ್ಟಿದ್ದೆ. ಉಪ್ಪೆಚ್ಚಾಗಿತ್ತು. ತಗದ್ ಬಿಸಾಕಿವ್ನಿ, ಆದ್ರೂ ಬೆಂದದೆ ಅದ್ರಾಗೆ. ನನ್ ಸೊಸೆ ನೋಡಿ ಏಳುದ್ಲು."

'ನನ್ನ ಸೊಸೆ ನೋಡಿ ಹೇಳಿದಳು' ಅಂದುಬಿಟ್ಟರು ಅತ್ತೆ. ಬಾಗಿಲಲ್ಲಿ ತುಪ್ಪ ಹಿಡಿದು ನಿಂತಿದ್ದವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಮುದುಕಿ ಕೈ ಹಿಂದಕ್ಕೆ ತೆಗೆದುಕೊಂಡರು. ಕೋಪವಿಲ್ಲ, ಏನಿಲ್ಲ. ಕಿಟಕಿಯ ಕಡೆ ನೋಡಿ, "ಹಾಲು ಐತೇನ ತಂಗಿ?" ಎಂದು ನನ್ನನ್ನು ಕೇಳಿದರು.

ಓಡಿದೆ. ಸಂಜೆ ಕರೆದ ಹಾಲು ಹಸಿಯದೇ ಇತ್ತು. ಸಣ್ಣ ಪಾತ್ರೆಗೆ ಬಗ್ಗಿಸಿ, ಗ್ಯಾಸು ದೊಡ್ಡದು ಮಾಡಿ ನಿಂತೆ. ಹಾಲು ಉಕ್ಕಲಿ ಅಂತ ಕಾಯುತ್ತ ನಿಂತವರಿಗೇ ಗೊತ್ತು ಅದರ ಸಂಕಟ. ಅಂಚಿನಲ್ಲಿ ಗುಳ್ಳೆ ಎದ್ದಿತು, ಸುಮ್ಮನಾಯಿತು. "ಉಕ್ಕು, ನಿನ್ನ ಮನೆ ಹಾಳಾಗ!" ಎಂದು ಹಾಲಿಗೆ ಬೈದೆ. ಕೊನೆಗೂ ಉಕ್ಕಿತು. ಹೊಸ ಲೋಟ ಎರಡು ತೊಳೆದು, ಅದರಿಂದ ಇದಕ್ಕೆ ಇದರಿಂದ ಅದಕ್ಕೆ ಎತ್ತಿ ಹೊಯ್ಯುತ್ತ ಆರಿಸಿದೆ. ಬೆರಳು ಸುಟ್ಟಿದ್ದು ಆಮೇಲೆ ಗೊತ್ತಾಯಿತು.

ಮುದುಕಿ ಲೋಟ ತೆಗೆದುಕೊಂಡರು. ಇನ್ನೂ ಬಿಸಿ ಇತ್ತು, ಊದಿ ಊದಿ ಗುಟುಕರಿಸಿದರು. ಒಂದು ಕಣ್ಣು ಕಿಟಕಿಯ ಮೇಲೆ. ತೆಂಗಿನ ಸಾಲಿನ ಹಿಂದೆ ಕೆಂಪು ಇಳಿಯಿತು. ಅವರು ಲೋಟ ಕೆಳಗಿಟ್ಟರು. ಅರ್ಧ ಹಾಲು ಹಾಗೆಯೇ ಇತ್ತು.

"ಅವ್ವಾ, ಇನ್ನ ಬೆಳಕೈತಿ, ಕುಡೀ" ಎಂದು ಮಗ ಅಂಗಲಾಚಿದರು. "ಸಾಕಪ್ಪಾ" ಅಂದರು ಅವರು.

ಮಗ ನನ್ನನ್ನು ಜಗಲಿಗೆ ಕರೆದರು. "ಫೋನಿನ್ಯಾಗ ಎಷ್ಟ್ ಬಿಡಿಸಿ ಹೇಳಿದ್ದೆ ನಾ? ಹೋಗ್ಲಿ, ಆದದ್ದು ಆತು. ನೋಡಿದಾಕಿ ನೀವು ಸುಮ್ನ ಇರಬೇಕಿತ್ತಲ್ರೀ! ನಮ್ಮವ್ವಗ ರಾತ್ರ್ಯಾಗ ಏನರ ಆದ್ರ ಯಾರ ಹೊಣಿ?" ಅವರು ಹೇಳಿದ್ದನ್ನೇ ನಾನು ಮಾಡಲು ಹೊರಟಿದ್ದೆ ಎಂದು ಹೇಗೆ ಹೇಳುವುದು? ಯಾರೂ ಉಣ್ಣಲಿಲ್ಲ. ಕಾರು ಶ್ರವಣಬೆಳಗೊಳದ ಕಡೆ ಹೋಯಿತು.

ಅತ್ತೆ ಅವತ್ತು ಅನ್ನ ಮುಟ್ಟಲಿಲ್ಲ. ಬಾಗಿಲಿಗೆ ಬಂದೋರು ಉಪವಾಸ ಹೋದ ಮೇಲೆ ನನಗೆಂಥ ಊಟ ಅಂದರು. ನಾನು ರೇಗಿದೆ. "ಎಲ್ಲ ನೀವೇ ಮಾಡಿ, ಈಗ ಉಪವಾಸ ಬೇರೆ" ಅಂದೆ. ರೇಗಿದ್ದು ಅವರ ಮೇಲಲ್ಲ, ನನ್ನ ಮೇಲೆ. ಅದು ನನಗೆ ಆಗಲೇ ಗೊತ್ತಿತ್ತು, ಆದರೂ ರೇಗಿದೆ.

ಬೆಳಿಗ್ಗೆ ಎಂಟಕ್ಕೆ ಫೋನು ಬಂತು. ಅದೇ ನಂಬರು. ಮುದುಕಿಗೆ ಏನೋ ಆಗಿಹೋಯಿತು, ಇನ್ನು ಈ ಜನ್ಮದಲ್ಲಿ ಯಾರಿಗೂ ತುತ್ತು ಹಾಕಬಾರದು ಅಂದುಕೊಂಡೇ ಎತ್ತಿದೆ.

"ಅವ್ವ ಆರಾಮ ಇದ್ದಾಳ್ರಿ" ಅಂದರು ಮಗ. "ಇಲ್ಲಿ ಏನೂ ಉಣವಲ್ಲಳು. ನಿಮ್ಮ ಮನ್ಯಾಗ ಉಣ್ತೀನಿ ಅಂತ ಹಟ ಹಿಡದಾಳ."

ಇದ್ದಬದ್ದ ಗಡ್ಡೆಯನ್ನೆಲ್ಲ ಚೀಲಕ್ಕೆ ತುಂಬಿ ಕೊಟ್ಟಿಗೆಗೆ ಸಾಗಿಸಿದೆ. ಪಾತ್ರೆಗಳನ್ನು ಹೊಸದಾಗಿ ಬೆಳಗಿದೆ. ಅತ್ತೆ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿದುಕೊಟ್ಟರು, ಒಲೆಯ ಹತ್ತಿರ ಬರಲಿಲ್ಲ. ಉಪ್ಪು ನಾನೊಬ್ಬಳೇ ಹಾಕಿದೆ.

ಹತ್ತು ಗಂಟೆಗೆ ಬಂದರು. ಮುದುಕಿಯ ಮುಖ ಇನ್ನಷ್ಟು ಇಳಿದಿತ್ತು, ನಡಿಗೆ ಮಾತ್ರ ಗಟ್ಟಿಯಿತ್ತು. ಎಲೆಯ ಮುಂದೆ ಕೂತು ನನ್ನ ಕೈ ಹಿಡಿದುಕೊಂಡರು. "ತಂಗಿ, ಊರೂರು ತಿರಗ್ತೀನಿ. ಎಲ್ಲಿ ಉಣ್ಣಾಕ ಕೂತ್ರೂ ಏನೂ ಹಾಕಿಲ್ಲ, ಏನೂ ಹಾಕಿಲ್ಲ ಅಂತಾರ. ಹಾಕೇವಿ ಅಂತ ಹೇಳಿದ್ದು ನಿಮ್ಮನ್ಯಾಗ ಒಂದ. ಅದನ್ನ ನೋಡಿ ಹೇಳಿದಾಕಿ ನೀನು. ನಿನ್ನ ಕೈಯಾಗಿನ ಅನ್ನ ನನಗ ಕಣ್ಣ ಮುಚ್ಚಿ ಉಣ್ಣಾಕ ಬರತೈತಿ."

ನಾನಲ್ಲ ಅನ್ನಬೇಕಿತ್ತು. ಅಂದರೆ ಎಲೆಯಿಂದ ಎದ್ದುಬಿಟ್ಟರೆ? ಎರಡು ದಿನದ ಹೊಟ್ಟೆ. ಉಂಡ ಮೇಲೆ ಹೇಳೋಣ ಎಂದು ಕಾದೆ. ಅವರು ಎರಡು ಸಲ ಸಾರು ಹಾಕಿಸಿಕೊಂಡರು. ಮಗ ಕೈಮುಗಿದು, "ನಿನ್ನೆ ಸಿಟ್ಟಿನ್ಯಾಗ ಅಂದಿದ್ದು ಮರತಬಿಡ್ರಿ ಅಕ್ಕಾರ" ಅಂದರು. ಉಂಡಾಯಿತು. ಕೈ ತೊಳೆದಾಯಿತು. ಕಾರಿನ ಬಾಗಿಲ ತನಕ ಹೋದೆ. ಹೇಳಲಿಲ್ಲ.

ಒಳಗೆ ಬಂದು ಅತ್ತೆಯ ಮೇಲೆ ಹಾರಿದೆ. "ನಾನು ಹೇಳಿದೆ ಅಂತ ಯಾಕೆ ಸುಳ್ಳು ಹೇಳಿದಿರಿ? ಬಾಯಿ ಮುಚ್ಕೊಂಡಿರಿ ಅಂದವಳು ನಾನು!"

ಅತ್ತೆ ಅವರೆ ಸಿಪ್ಪೆ ಗೋರಿ ಮೊರಕ್ಕೆ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ಊಟ ಆಕೋಳು ನೀನು ಕಣವ್ವ. ನಾನಿನ್ನೆಷ್ಟ್ ದಿವ್ಸ ಇದ್ದೇನು? ನಾಳೀಕೆ ಬರೋ ಜನ ನಂಬ್ಬೇಕಾಗಿರಾದು ನಿನ್ ಕೈಯ, ನನ್ ಕೈಯಲ್ಲ."

ಇಪ್ಪತ್ತೆಂಟು ವರ್ಷ ಅವರ ಒಂದೊಂದು ಮಾತಿಗೂ ಎದುರು ಮಾತು ಕೊಟ್ಟುಕೊಂಡೇ ಬಂದವಳು ನಾನು. ಅವತ್ತು ಅವರ ಕೈಯಿಂದ ಮೊರ ಇಸಿದುಕೊಂಡು, ಎಲೆ ಹಾಕಿ ಅನ್ನ ಬಡಿಸಿದೆ.