ನಿಂತ ನೀರು ಬೆರೆತ ಬೆಳಗು

ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣಗಿನ ಭಾರದ ನೀರು ಕೆಳಗೆ. ಹೀಗೆ ಪದರು ಪದರಾಗಿ ನಿಂತ ಜಲರಾಶಿಯಲ್ಲಿ ಬೆರಕೆ ಎಲ್ಲಿ, ಹೇಗೆ ನಡೆಯುತ್ತದೆ ಎಂಬುದು ಕಡಲನ್ನೂ ಕೆರೆಯನ್ನೂ ಅರಿಯಬಯಸುವವರೆಲ್ಲರನ್ನೂ ಕಾಡುವ ಪ್ರಶ್ನೆ. ಕಂಪ್ಯೂಟರಿನೊಳಗೆ ಅಂಥ ನೀರನ್ನು ಕಟ್ಟಿ, ಮೂರು ದಶಕ ಆ ಪ್ರಶ್ನೆಯ ಬೆನ್ನುಹತ್ತಿದ ಕೆಲವೇ ವಿದ್ವಾಂಸರಲ್ಲಿ, ನಂಜನಗೂಡಿನ ಕಾಲೇಜೊಂದರ ಭೌತಶಾಸ್ತ್ರ ವಿಭಾಗದಿಂದ ನಿವೃತ್ತರಾಗುತ್ತಿರುವ ಡಾ. ಚಂಪಕ ಅವರು ಒಬ್ಬರು. ಅವರ ಮೊದಲ ಸಂಶೋಧನಾ ವಿದ್ಯಾರ್ಥಿನಿ ನಾನೆಂಬುದೇ ಈ ಲೇಖನಕ್ಕೆ ನನಗಿರುವ ಅರ್ಹತೆ.

ಹದಿನಾರು ಎಂಬ ಹಳ್ಳಿಯ ಬೇಸಾಯದ ಮನೆಯಿಂದ ಬಂದ ನನಗೆ ಹಾಸ್ಟೆಲ್ ಸಿಗದ ವರ್ಷ, ಮೇಡಂ ತಮ್ಮ ಮನೆಯ ಓದುವ ಕೋಣೆಯನ್ನೇ ಬಿಟ್ಟುಕೊಟ್ಟರು. "ಶಿವಾನೀನ ನಿಮ್ ಮಡ್ಲಿಗೆ ಹಾಕಿವ್ನಿ ಕಣ್ರವ್ವಾ," ಎಂದು ನಮ್ಮಪ್ಪ ದೊಡ್ಡಸಿದ್ದಯ್ಯ ಅವರೆಕಾಯಿ ಮೂಟೆ ಇಳಿಸಿಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೇಡಂ ಕಲಿಸಿದ ಮೊದಲ ಪಾಠ, ಕಲಕುವುದೇ ಬೇರೆ, ಬೆರೆಯುವುದೇ ಬೇರೆ ಎಂಬುದು. ಬರೀ ಕಲಕಿದ ನೀರು ಭಾರದ್ದು ಕೆಳಗೂ ಹಗುರಾದದ್ದು ಮೇಲೂ ಸೇರಿ ಮತ್ತೆ ಮೊದಲಿನಂತಾಗುತ್ತದೆ, ಬೆರೆತದ್ದು ಹಿಂದಿರುಗುವುದಿಲ್ಲ.

ಆ ದಿನಗಳಲ್ಲಿ ಮೇಡಂ ಬರೆದ ಪ್ರೋಗ್ರಾಮಿನಿಂದ ನಮಗೊಂದು ಅಚ್ಚರಿಯ ಫಲಿತಾಂಶ ದೊರೆತಿತ್ತು: ಅಲೆಗಳಿಲ್ಲದ ಶಾಂತ ಪದರುಗಳಲ್ಲೂ ಬೆರಕೆ ಭರದಿಂದ ಸಾಗುತ್ತದೆ ಎಂದು. ಸಂಶೋಧನಾ ಪತ್ರಿಕೆಯೊಂದು ಅದರ ಕುರಿತ ಲೇಖನವನ್ನು ಒಪ್ಪಿಕೊಂಡಿತ್ತು. ಅದರ ಬಲದ ಮೇಲೆ ಅವರು ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಸಿದ್ಧರಾಗುತ್ತಿದ್ದರು. ಒಂದು ಬೆಳಿಗ್ಗೆ ಅದೇ ಓದುವ ಕೋಣೆಯಲ್ಲಿ ಕೂತು, ಕುತೂಹಲಕ್ಕೆಂದು ನಾನು ಕಂಪ್ಯೂಟರ್ ಮಾದರಿಯ ನೀರನ್ನು ಪೂರ್ತಿ ನಿಲ್ಲಿಸಿ ನೋಡಿದೆ. ನಿಂತ ನೀರು ತಾನಾಗಿ ಬೆರೆಯುವುದು ಬಲು ನಿಧಾನ. ಪರದೆಯ ಮೇಲೆ ಮಾತ್ರ ಪದರುಗಳು ಕಣ್ಣೆದುರೇ ಕರಗುತ್ತಿದ್ದವು.

"ಮೇಡಂ, ನೀರು ನಿಂತೇ ಇದೆ. ಆದ್ರೂ ಬೆರೀತಾ ಇದೆ," ಎಂದೆ.

ಅವರು ಬಂದು ನನ್ನ ಪಕ್ಕ ಕುಳಿತು ಪ್ರೋಗ್ರಾಮನ್ನು ಸಾಲು ಸಾಲಾಗಿ ನೋಡಿದರು. ಲೆಕ್ಕ ಹದಗೆಡದಿರಲೆಂದು ತಾವೇ ಸೇರಿಸಿದ್ದ ಒಂದು ಸಾಲು, ಅಕ್ಕಪಕ್ಕದ ಅಂಕಿಗಳನ್ನು ನಯಗೊಳಿಸುತ್ತ ಪದರುಗಳನ್ನೂ ಅಳಿಸಿಹಾಕುತ್ತಿತ್ತು.

"ಬೆರೆಸ್ತಿರೋದು ನೀರಲ್ಲ ಕಣಮ್ಮ, ನನ್ನ ಪ್ರೋಗ್ರಾಮು," ಎಂದರು.

ಅವರ ಪತಿ ಗೋಪಾಲಕೃಷ್ಣ ಅವರು ಬಾಗಿಲಲ್ಲೇ ನಿಂತಿದ್ದರು. "ಇನ್ನೊಂದು ವಾರ ತಡಿ ಚಂಪಕಾ. ಸಂದರ್ಶನ ಮುಗೀಲಿ."

"ತಡೆದ್ರೆ ಈ ಹುಡುಗಿ ನನ್ನಿಂದ ಏನು ಕಲಿತಾಳೆ, ಹೇಳಿ?"

ಮಧ್ಯಾಹ್ನದೊಳಗೆ ಅವರು ಲೇಖನವನ್ನು ಹಿಂತೆಗೆದುಕೊಂಡರು. ತಪ್ಪು ತಮ್ಮದೆಂದೂ ಕಂಡುಹಿಡಿದವಳು ವಿದ್ಯಾರ್ಥಿನಿಯೆಂದೂ ಪತ್ರಿಕೆಗೆ ಸ್ಪಷ್ಟವಾಗಿ ತಿಳಿಸಿದರು. ಹುದ್ದೆ ಬೇರೆಯವರ ಪಾಲಾಯಿತು. ಅದು ಮತ್ತೆ ಅವರನ್ನು ಅರಸಿ ಬರಲು ವರ್ಷಗಳೇ ಹಿಡಿದವು. ಅವರು ಗೊಣಗಿದ್ದನ್ನು ನಾನು ಕೇಳಲಿಲ್ಲ. ಒಮ್ಮೆ ಮಾತ್ರ, ಖಾಲಿ ತರಗತಿಯಲ್ಲಿ ಬೋರ್ಡು ಒರೆಸುತ್ತ, "ಬೇಜಾರಾಗತ್ತೆ ಕಣಮ್ಮ, ಸುಳ್ಳು ಯಾಕೆ ಹೇಳ್ಲಿ," ಎಂದಿದ್ದರು.

ಪ್ರೋಗ್ರಾಮನ್ನು ಇಬ್ಬರೂ ಬುಡದಿಂದ ಮತ್ತೆ ಬರೆದೆವು. ಈ ಸಲ ಶಾಂತ ಪದರುಗಳು ಶಾಂತವಾಗಿಯೇ ಉಳಿದವು. ನೀರಿನೊಳಗಿನ ಅಲೆಗಳು ಮಗುಚಿ, ಭಾರದ ನೀರನ್ನು ಹಗುರ ನೀರಿನ ಮೇಲಕ್ಕೆತ್ತುವ ತೆಳು ಹಾಳೆಗಳಂಥ ಜಾಗಗಳಲ್ಲೇ ಬೆರಕೆಯ ಬಹುಪಾಲು ನಡೆಯುತ್ತಿತ್ತು. ಇಂದು ಅವರ ಹೆಸರನ್ನು ಗೌರವದಿಂದ ನೆನೆಯುವಂತೆ ಮಾಡಿದ ಆ ಲೇಖನದಲ್ಲಿ ಮೊದಲ ಹೆಸರು ನನ್ನದಿರಬೇಕೆಂದು ಹಟ ಹಿಡಿದವರೂ ಅವರೇ. ಅದರಿಂದಲೇ ನನಗೆ ತಿ. ನರಸೀಪುರದಲ್ಲಿ ಅಧ್ಯಾಪಕ ವೃತ್ತಿ ದೊರೆಯಿತು.

ನಿವೃತ್ತಿ ಹತ್ತಿರವಾದಂತೆ ಮೇಡಂ ಅವರಿಗೆ ನಿಜವಾದ ನೀರಿನ ಬಿಸಿ ತಂಪನ್ನು ಆಳ ಆಳದಲ್ಲಿ ಅಳೆಯುವ ಆಸೆ ಹುಟ್ಟಿದೆ. ಕಳೆದ ತಿಂಗಳು ನಮ್ಮೂರ ಬಳಿಯ ಕೆರೆಯಲ್ಲಿ ಹರಿಗೋಲು ಹತ್ತಿದರು. ಹುಟ್ಟು ಹಾಕುತ್ತಿದ್ದ ಕೆಂಪಯ್ಯನವರು, "ಈಜು ಬತ್ತದಾ ಅವ್ವಾ?" ಎಂದು ಕೇಳಿದರು.

"ಇಲ್ಲಪ್ಪ."

"ಅಯ್ಯೋ, ಮೂವತ್ತು ವರ್ಸ ನೀರ್ನೇ ಓದವ್ರೆ ಅಂದ್ರಲ್ಲ ಈವಮ್ಮ!"

"ಆ ನೀರಲ್ಲಿ ಸೀರೆ ಒದ್ದೆ ಆಗ್ತಿರ್ಲಿಲ್ಲ ಕೆಂಪಯ್ಯ," ಎಂದು ಮೇಡಂ ಹರಿಗೋಲಿನ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡರು.

ಮರುವಾರವೇ ಈಜು ಕಲಿಯಲು ಸೇರಿದ್ದಾರೆ. ಈಜುಕೊಳದ ಅಂಚಿನ ಕಂಬಿಯನ್ನು ಕೈ ಇನ್ನೂ ಬಿಟ್ಟಿಲ್ಲವೆಂದು ನಿನ್ನೆ ಫೋನಿನಲ್ಲಿ ನಕ್ಕರು. ಅವರಿಗೆ ತುಂಬು ಆಯುಷ್ಯವೂ ಆರೋಗ್ಯವೂ, ಅಳೆದು ಮುಗಿಯದಷ್ಟು ಕೆರೆಗಳೂ ಒದಗಲಿ. ಆ ಕೈ ಬೇಗ ಕಂಬಿ ಬಿಡಲಿ. ಆಚೆ ಬದಿಯಲ್ಲಿ ಟವೆಲ್ ಹಿಡಿದು ಕಾಯಲು ನಾನಿದ್ದೇನೆ.